ವಾರ್ಡಿನಲ್ಲಿರುವ ಮಗುವಿಗೆ ಚರ್ಮದ ಡಾಕ್ಟರು ಬೇಕಾದಾಗ: ಉತ್ತರ ಕನ್ನಡದ ಪಾಲಕರಿಗೆ

ಜ್ವರಕ್ಕೋ, ಕಫಕ್ಕೋ, ಫಿಟ್ಸಿಗೋ ಅಡ್ಮಿಟ್ ಆದ ಮಗುವಿನ ಮೈಮೇಲೆ ಎರಡು-ಮೂರು ದಿನದಲ್ಲಿ ಏನೋ ಏಳುತ್ತದೆ. ಮಕ್ಕಳ ವಾರ್ಡಿನಲ್ಲಿ ಇದು ನಿತ್ಯದ ಮಾತು. ಮಕ್ಕಳ ಡಾಕ್ಟರು ಕೇಸ್ ಶೀಟಿನಲ್ಲಿ ‘ಸ್ಕಿನ್ ಒಪಿನಿಯನ್’ ಎಂದು ಬರೆಯುತ್ತಾರೆ. ಚರ್ಮದ ಡಾಕ್ಟರು ತಮ್ಮ ಓಪಿಡಿ ಮುಗಿಸಿಕೊಂಡು ಮಧ್ಯಾಹ್ನವೋ ಸಂಜೆಯೋ ಬಂದು, ಹತ್ತು ನಿಮಿಷ ನಿಂತು ನೋಡಿ ಹೋಗುತ್ತಾರೆ. ಆ ಹತ್ತು ನಿಮಿಷದಲ್ಲಿ ಕಾಯಿಲೆ ಪತ್ತೆಯಾಗುವುದು ಬಹಳ ಸಲ ಹಾಸಿಗೆ ಪಕ್ಕ ಕೂತವರು ಕೊಡುವ ಉತ್ತರದ ಮೇಲೆ ನಿಂತಿರುತ್ತದೆ. ಯಾವ ಔಷಧಿ ಯಾವತ್ತು ಶುರುವಾಯಿತು, ಮೊದಲು ಎಲ್ಲಿ ಎದ್ದಿತು, ಅದರ ಮೇಲೆ ಏನು ಹಚ್ಚಿದಿರಿ?

ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿ ಕೆಲಸ ಮಾಡುವವಳು ನಾನು. ಪಾಲಕರು ಈ ಮೂರು ಪ್ರಶ್ನೆಗೆ ತಡವರಿಸುವುದನ್ನು ದಿನಾ ನೋಡುತ್ತೇನೆ. ತಪ್ಪು ಅವರದ್ದಲ್ಲ, ಯಾರೂ ಮೊದಲೇ ಹೇಳಿರುವುದಿಲ್ಲ. ಹಾಗಾಗಿ ಏನೇನು ಮಾಡಬೇಕು ಎನ್ನುವುದನ್ನು ಇಲ್ಲಿ ಬರೆದಿದ್ದೇನೆ.

1. ಮೊದಲು ನೋಡಬೇಕಾದ್ದು: ಇದು ಕಾಯುವಂಥದ್ದೇ?

ಕೆಲವು ಗುರುತು ಕಂಡರೆ ಬೆಳಗಿನ ರೌಂಡ್ಸ್ ತನಕ ಕಾಯಬೇಡಿ. ರಾತ್ರಿ ಎಷ್ಟೇ ಹೊತ್ತಾಗಿರಲಿ, ಡ್ಯೂಟಿ ಸಿಸ್ಟರನ್ನು ಎಬ್ಬಿಸಿ. ನಮಗೆ ಬೇಸರವಿಲ್ಲ.

ಒತ್ತಿದರೂ ಮಾಯವಾಗದ ಕೆಂಪು ಅಥವಾ ನೇರಳೆ ಚುಕ್ಕೆ ಮೊದಲನೆಯದು. ಪಾರದರ್ಶಕ ಗಾಜಿನ ಲೋಟದ ಬದಿಯನ್ನು ಚುಕ್ಕೆಯ ಮೇಲೆ ಒತ್ತಿ ಹಿಡಿದು ಒಳಗಿಂದ ನೋಡಿ. ಸಾಮಾನ್ಯ ದದ್ದು ಮಸುಕಾಗುತ್ತದೆ. ಚರ್ಮದೊಳಗೆ ರಕ್ತ ಒಸರಿದ್ದರೆ ಹಾಗೇ ಉಳಿಯುತ್ತದೆ. ಡೆಂಗ್ಯೂವಿನಲ್ಲಿ ಪ್ಲೇಟ್‌ಲೆಟ್ ಇಳಿದಾಗ ಹೀಗಾಗಬಹುದು, ರಕ್ತಕ್ಕೆ ಹರಡಿದ ಸೋಂಕಿನಲ್ಲೂ ಆಗಬಹುದು. ಮೈಬಣ್ಣ ಕಪ್ಪಿರುವ ಮಗುವಿನಲ್ಲಿ ಚುಕ್ಕೆ ಸುಲಭಕ್ಕೆ ಕಾಣುವುದಿಲ್ಲ. ಅಂಗೈ, ಅಂಗಾಲು, ಕೆಳತುಟಿಯ ಒಳಭಾಗ, ಕಣ್ಣಿನ ಕೆಳರೆಪ್ಪೆಯ ಒಳಗೆ ನೋಡಬೇಕು.

ಚರ್ಮ ಮುಟ್ಟಿದರೆ ಮಗು ಚೀರುವುದು, ಗುಳ್ಳೆ ಒಡೆದು ಸಿಪ್ಪೆ ಏಳುವುದು, ಜೊತೆಗೆ ಬಾಯಿ, ಕಣ್ಣು ಅಥವಾ ಮೂತ್ರದ ಜಾಗ ಹುಣ್ಣಾಗುವುದು ಎರಡನೆಯದು. ಔಷಧಿ ಕೊಟ್ಟ ಸ್ವಲ್ಪ ಹೊತ್ತಿಗೆ ತುಟಿ, ಮುಖ ಊದಿ ಉಸಿರು ಎಳೆಯುವುದು ಮೂರನೆಯದು, ಇಲ್ಲಿ ನಿಮಿಷವೂ ಮುಖ್ಯ. ನವಜಾತ ಶಿಶುವಿಗೆ ನೀರ್ಗುಳ್ಳೆ ಅಥವಾ ಕೀವುಗುಳ್ಳೆ ಎದ್ದರೆ, ಮೊದಲೇ ಇಸಬು ಇದ್ದ ಮಗುವಿಗೆ ಜ್ವರದ ಜೊತೆ ಒಂದೇ ಅಳತೆಯ ಪುಟ್ಟ ಪುಟ್ಟ ಹುಣ್ಣು ಗುಂಪಾಗಿ ಬಿದ್ದರೆ, ಅದೂ ಇದೇ ಸಾಲಿಗೆ ಸೇರಿತು. ಡ್ರಿಪ್ ಹಾಕಿದ ಜಾಗ ಊದಿ ಬಿಳಿಚಿಕೊಂಡಿದ್ದರೆ ಅಥವಾ ನೀಲಿಯಾಗಿದ್ದರೆ ಚರ್ಮದ ಡಾಕ್ಟರಿಗಿಂತ ಮೊದಲು ಡ್ರಿಪ್ ನಿಲ್ಲಬೇಕು. ಸಿಸ್ಟರನ್ನು ಕೂಗಿ.

2. ಕೇಳುವುದು ಯಾರನ್ನು, ಹೇಗೆ

ಚರ್ಮದ ಡಾಕ್ಟರು ತಾವಾಗಿ ವಾರ್ಡಿಗೆ ಬರುವುದಿಲ್ಲ. ಮಗುವನ್ನು ನೋಡುತ್ತಿರುವ ಮಕ್ಕಳ ಡಾಕ್ಟರು ಬರೆದರೆ ಬರುತ್ತಾರೆ. ಬೆಳಗಿನ ರೌಂಡ್ಸ್‌ನಲ್ಲಿ ನೇರವಾಗಿ ಕೇಳಿ: “ಡಾಕ್ಟ್ರೇ, ಈ ದದ್ದು ಇಂಜೆಕ್ಷನ್ ಶುರುವಾದ ಮೇಲೆ ಎದ್ದಿದ್ದು. ಒಂದ್ಸಲ ಸ್ಕಿನ್ ಡಾಕ್ಟ್ರಿಗೆ ತೋರಿಸಬಹುದಾ?” ಇಷ್ಟು ಕೇಳಿದರೆ ಯಾವ ಡಾಕ್ಟರೂ ಸಿಟ್ಟಾಗುವುದಿಲ್ಲ. ಹೇಳದೆ ಕೇಳದೆ ಮಗುವನ್ನು ಎತ್ತಿಕೊಂಡು ಪೇಟೆಯ ಕ್ಲಿನಿಕ್ಕಿಗೆ ಹೋಗಿ ಬರುವವರಿದ್ದಾರೆ. ಅದು ಬೇಡ. ಅಲ್ಲಿಯ ಡಾಕ್ಟರಿಗೆ ಕೇಸ್ ಶೀಟ್ ಸಿಗುವುದಿಲ್ಲ, ಇಲ್ಲಿ ಡೋಸ್ ತಪ್ಪುತ್ತದೆ, ಎರಡೂ ಕಡೆಯ ಔಷಧಿ ಒಂದಕ್ಕೊಂದು ತಾಳೆಯಾಗುವುದಿಲ್ಲ.

ಎಲ್ಲದಕ್ಕೂ ಚರ್ಮದ ಡಾಕ್ಟರು ಬೇಕೆಂದೂ ಇಲ್ಲ. ಹುಟ್ಟಿದ ಎರಡು-ಮೂರನೇ ದಿನ ಮೈತುಂಬ ಏಳುವ ಕೆಂಪು ಚುಕ್ಕೆ ಬಹುಪಾಲು ತಾನಾಗಿ ಹೋಗುತ್ತದೆ. ಸೊಂಟದ ಕೆಳಗಿನ ನೀಲಿ ಮಚ್ಚೆ ಪೆಟ್ಟಲ್ಲ, ಕಾಯಿಲೆಯೂ ಅಲ್ಲ. ಏಪ್ರಿಲ್-ಮೇ ಸೆಕೆಗೆ ಕುತ್ತಿಗೆ, ಬೆನ್ನಿನ ಮೇಲೆ ಬರುವ ಬೆವರುಸಾಲೆಗೆ ಫ್ಯಾನು, ತೆಳು ಹತ್ತಿಬಟ್ಟೆ ಸಾಕು. ಡೈಪರ್ ಹುಣ್ಣನ್ನು ಮಕ್ಕಳ ಡಾಕ್ಟರೇ ನೋಡಿಕೊಳ್ಳುತ್ತಾರೆ. ಔಷಧಿಯ ಅನುಮಾನ, ನೀರ್ಗುಳ್ಳೆ, ಮೂರು-ನಾಲ್ಕು ದಿನ ಹಚ್ಚಿದರೂ ಬಗ್ಗದ ಕಜ್ಜಿ, ಹಳೆಯ ಇಸಬು ಕೆರಳಿದ್ದು, ಕಣ್ಣು-ಮೂಗು-ತುಟಿಯ ಹತ್ತಿರ ದಿನದಿನಕ್ಕೆ ಉಬ್ಬುವ ಕೆಂಪು ಹುಟ್ಟುಮಚ್ಚೆ, ಇಂಥವಕ್ಕೆ ಒಪಿನಿಯನ್ ಕೇಳಲೇಬೇಕು.

3. ಒಂದು ಹಾಳೆ, ಎರಡು ತಿಂಗಳ ಲೆಕ್ಕ

ಇಡೀ ಲೇಖನದಲ್ಲಿ ಒಂದೇ ಕೆಲಸ ಮಾಡಲು ಪುರುಸೊತ್ತಿದ್ದರೆ ಇದನ್ನು ಮಾಡಿ. ನೋಟ್‌ಬುಕ್ಕಿನ ಹಾಳೆ ಹರಿದು, ಎಡಕ್ಕೆ ತಾರೀಖು, ಬಲಕ್ಕೆ ಅವತ್ತು ಮಗುವಿನ ಹೊಟ್ಟೆಗೆ, ರಕ್ತಕ್ಕೆ ಅಥವಾ ಮೈಗೆ ಹೋದ ಔಷಧಿ ಬರೆಯಿರಿ. ಆಸ್ಪತ್ರೆಯದ್ದು ಕೇಸ್ ಶೀಟಿನಲ್ಲಿ ಇರುತ್ತದೆ. ಡಾಕ್ಟರಿಗೆ ಸಿಗದಿರುವುದು ಅದಕ್ಕಿಂತ ಮುಂಚಿನದ್ದು: ಮೆಡಿಕಲ್ ಶಾಪಿನವರು ಕೊಟ್ಟ ಸಿರಪ್, ಊರಿನ ಕ್ಲಿನಿಕ್ಕಿನಲ್ಲಿ ಚುಚ್ಚಿಸಿದ ಇಂಜೆಕ್ಷನ್, ಪಕ್ಕದ ಮನೆಯವರು ಹೇಳಿದ ಕಷಾಯ, ನಾಟಿ ಔಷಧಿ, ಹುಳದ ಮಾತ್ರೆ, ಲಸಿಕೆ.

ಎರಡು ತಿಂಗಳು ಹಿಂದಕ್ಕೆ ಹೋಗಬೇಕಾದ್ದಕ್ಕೆ ಕಾರಣವಿದೆ. ಔಷಧಿಯಿಂದ ಏಳುವ ಸಾಮಾನ್ಯ ಕೆಂಪು ದದ್ದು ಆ ಔಷಧಿ ಶುರುವಾದ 4ರಿಂದ 14ನೇ ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಹಿಂದೆ ಅದೇ ಔಷಧಿಗೆ ಮೈ ಕೆರಳಿದ್ದರೆ ಒಂದೆರಡು ದಿನದಲ್ಲೇ ಬರಬಹುದು. ಬಾಯಿ-ಕಣ್ಣು ಹುಣ್ಣಾಗಿ ಚರ್ಮ ಸುಲಿಯುವ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಸಾಮಾನ್ಯವಾಗಿ ಮೊದಲ ನಾಲ್ಕು ವಾರದೊಳಗೆ ಬರುವಂಥದ್ದು. ಮುಖ ಊದಿ, ಜ್ವರ ಬಂದು, ಲಿವರಿಗೂ ತಾಗುವ ಇನ್ನೊಂದು ಬಗೆ ಇದೆ. ಡಾಕ್ಟರು ಅದನ್ನು ‘ಡ್ರೆಸ್’ ಎನ್ನುತ್ತಾರೆ. ಅದು 2ರಿಂದ 8 ವಾರದ ನಡುವೆ ತಲೆಯೆತ್ತುತ್ತದೆ. ನಿನ್ನೆ ಕೊಟ್ಟ ಆಂಟಿಬಯೋಟಿಕ್ ಮೇಲೆ ಎಲ್ಲರ ಕಣ್ಣು ಬಿದ್ದಿರುವಾಗ, ನಿಜವಾದ ಕಾರಣ ಒಂದೂವರೆ ತಿಂಗಳ ಹಿಂದೆ ಶುರುವಾದ ಫಿಟ್ಸ್ ಮಾತ್ರೆ ಆಗಿರಬಹುದು. ಫಿನೈಟಾಯಿನ್, ಕಾರ್ಬಮಜೆಪಿನ್, ಫಿನೊಬಾರ್ಬಿಟೋನ್, ಲ್ಯಾಮೋಟ್ರಿಜಿನ್, ಸಲ್ಫಾ ಜಾತಿಯ ಔಷಧಿ, ಈ ಹೆಸರುಗಳಲ್ಲಿ ಯಾವುದಾದರೂ ನಿಮ್ಮ ಚೀಟಿಯಲ್ಲಿದ್ದರೆ ಕೆಳಗೆ ಗೆರೆ ಎಳೆಯಿರಿ. ಹಾಗೆಂದು ಫಿಟ್ಸ್ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಮುಂದಿನ ಡೋಸಿಗೆ ಮುಂಚೆ ಡಾಕ್ಟರಿಗೆ ತಿಳಿಸಿ, ಬದಲಿ ಔಷಧಿ ಕೊಡುವುದು ಅವರ ಕೆಲಸ. ಹೆಸರು ನೆನಪಿಲ್ಲವೆಂದರೆ ಮನೆಯಿಂದ ಖಾಲಿ ಬಾಟಲಿ, ಮಾತ್ರೆಯ ಸ್ಟ್ರಿಪ್ ತರಿಸಿ. “ಕೆಂಪು ಸಿರಪ್” ಎಂದರೆ ಯಾರಿಗೂ ತಿಳಿಯುವುದಿಲ್ಲ.

ಹಾಳೆಯ ಹಿಂಬದಿಗೆ ದದ್ದಿನ ಕತೆ. ಜ್ವರ ಬಂದ ಎಷ್ಟನೇ ದಿನ ಎದ್ದಿತು, ಎಲ್ಲಿಂದ ಎಲ್ಲಿಗೆ ಹರಡಿತು, ತುರಿಸುತ್ತದೋ ಉರಿಯುತ್ತದೋ. ದಡಾರ ಕೆಮ್ಮು, ನೆಗಡಿ, ಕೆಂಗಣ್ಣಿನ ನಂತರ ಕಿವಿಯ ಹಿಂದೆ, ಮುಖದಲ್ಲಿ ಶುರುವಾಗಿ ಕೆಳಗಿಳಿಯುತ್ತದೆ. ಸೀತಾಳೆ ಸಿಡುಬಿನಲ್ಲಿ ಹೊಸ ಗುಳ್ಳೆ, ನೀರು ತುಂಬಿದ ಗುಳ್ಳೆ, ಒಣಗಿದ ಹಕ್ಕಳೆ ಮೂರೂ ಒಟ್ಟಿಗೇ ಇರುತ್ತವೆ. ತಾಯಿ ಕಾರ್ಡ್ ಜೊತೆಗಿರಲಿ, ದಡಾರದ ಲಸಿಕೆ ಬಿದ್ದಿದೆಯೋ ಇಲ್ಲವೋ ಎನ್ನುವುದು ಅದರಲ್ಲೇ ಇದೆ. “ಅಮ್ಮ ಎದ್ದಿದೆ, ಆಸ್ಪತ್ರೆ ಔಷಧಿ ಬೇಡ” ಎಂದು ಮನೆಗೆ ಹೊರಡುವವರಿಗೆ ಒಂದು ಮಾತು: ಪಕ್ಕದ ಹಾಸಿಗೆಯಲ್ಲಿ ಸ್ಟೀರಾಯ್ಡ್ ತೆಗೆದುಕೊಳ್ಳುವ ಮಗುವೋ ಹಸುಗೂಸೋ ಇದ್ದರೆ ಅವರಿಗೆ ಸೀತಾಳೆ ಪ್ರಾಣಕ್ಕೇ ಬರಬಹುದು. ಆದ್ದರಿಂದ ಅನುಮಾನವಿದ್ದರೂ ಸಾಕು, ಮೊದಲು ಸಿಸ್ಟರಿಗೆ ಹೇಳಿ. ಬೇರೆ ಕೋಣೆ ಕೊಡುತ್ತಾರೆ.

4. ನಮ್ಮ ಜಿಲ್ಲೆಯವರು ತಪ್ಪದೆ ಹೇಳಬೇಕಾದ್ದು

ಕಾಡು, ಕೊಟ್ಟಿಗೆ, ಸಮುದ್ರ, ಗೇರು. ಹೊರ ಊರಿನಿಂದ ಬಂದ ಡಾಕ್ಟರಿಗೆ ಇದು ತಾನಾಗಿ ಹೊಳೆಯುವುದಿಲ್ಲ, ನೀವೇ ಬಾಯಿ ಬಿಡಬೇಕು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮಕ್ಕಳು ದೊಡ್ಡವರ ಬೆನ್ನಿಗೇ ಸೊಪ್ಪಿನ ಬೆಟ್ಟಕ್ಕೆ ಹೋಗುತ್ತಾರೆ. ವಾರ ಕಳೆದರೂ ಬಿಡದ ಜ್ವರ ಬಂದರೆ ಮನೆಯವರ ಬಾಯಲ್ಲಿ ಮೊದಲು ಬರುವುದು ಮಂಗನ ಕಾಯಿಲೆ. 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಿದ ಆ ಕಾಯಿಲೆಯ ಹೆದರಿಕೆ ಇಲ್ಲಿ ಸಹಜವೇ. ಆದರೆ ಪೊದೆ, ಹುಲ್ಲಿನಲ್ಲಿರುವ ಕಣ್ಣಿಗೆ ಕಾಣದಷ್ಟು ಚಿಕ್ಕ ಮೈಟ್ ಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಎಂಬುದೊಂದಿದೆ. ಅದರ ಗುಟ್ಟು ಎಷ್ಟೋ ಸಲ ಚರ್ಮದ ಮೇಲೇ ಬರೆದಿರುತ್ತದೆ. ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟಂತೆ ಒಂದು ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು. ನೋವಿಲ್ಲ, ತುರಿಕೆಯಿಲ್ಲ, ಅದಕ್ಕೇ ಮಗು ತೋರಿಸುವುದೂ ಇಲ್ಲ. ಬಗಲು, ತೊಡೆಸಂದಿ, ಕಿವಿಯ ಹಿಂದೆ, ಹೊಕ್ಕುಳ ಸುತ್ತ, ವೃಷಣದ ಚೀಲದ ಮೇಲೆ, ತಲೆಗೂದಲ ಒಳಗೆ ಅಡಗಿರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ನಾವು ತಪ್ಪುವುದು ಉಡಿದಾರದ ಅಡಿಯಲ್ಲಿ. “ಅದು ದಾರ ತಿಕ್ಕಿ ಆದ ಗಾಯ ಸಿಸ್ಟರ್” ಎಂದು ಆಯಿ ಹೇಳಿಬಿಡುತ್ತಾಳೆ, ನಾವೂ ಹೌದೆನ್ನುತ್ತೇವೆ. ಉಡಿದಾರ ಸಡಿಲಿಸಿ, ಬೆಳಕಿನಲ್ಲಿ ಒಂದು ಸುತ್ತು ಪೂರ್ತಿ ನೋಡಿ. ಅಂಥ ಹಕ್ಕಳೆ ಸಿಕ್ಕರೆ ಕೀಳಬೇಡಿ, ಡಾಕ್ಟರಿಗೆ ತೋರಿಸಿ. ಸರಿಯಾದ ಮಾತ್ರೆ ಬಿದ್ದರೆ ಈ ಜ್ವರ ಹೆಚ್ಚಾಗಿ ಎರಡು-ಮೂರು ದಿನದೊಳಗೆ ಇಳಿಯುತ್ತದೆ. ಗುರುತೇ ಸಿಗದೆ ಹೋದರೆ ದಿನಗಟ್ಟಲೆ ಬೇರೆ ಬೇರೆ ಆಂಟಿಬಯೋಟಿಕ್ ಹೋಗುತ್ತಿರುತ್ತದೆ.

ಕರಾವಳಿಯಲ್ಲಿ ಗೇರಿನ ಕಾಲಕ್ಕೆ ಹಸಿ ಬೀಜ ಒಡೆದ ಮಕ್ಕಳ ಬೆರಳು, ತುಟಿಯ ಸುತ್ತ ಸೊನೆ ತಾಗಿ ಸುಟ್ಟ ಕಲೆ ಆಗುತ್ತದೆ. ಮಾವಿನ ಸೊನೆಯೂ ಹಾಗೇ. ಮಳೆಗಾಲದಲ್ಲಿ ಟ್ಯೂಬ್‌ಲೈಟಿಗೆ ಮುತ್ತುವ ಒಂದು ಸಣ್ಣ ಕಿತ್ತಳೆ-ಕಪ್ಪು ಹುಳವನ್ನು ಮೈಮೇಲೆ ಉಜ್ಜಿದರೆ ಮರುದಿನ ಗೆರೆ ಎಳೆದಂತೆ ಸುಟ್ಟ ಗುಳ್ಳೆ ಏಳುತ್ತದೆ, ಅದನ್ನು ಜನ ಸರ್ಪಸುತ್ತು ಎಂದುಕೊಳ್ಳುತ್ತಾರೆ. ಸಮುದ್ರಕ್ಕಿಳಿದ ಮಗುವಿನ ಕಾಲಿಗೆ ಅಂಬಲಿ ಮೀನು ತಾಗಿದ್ದರೂ ಗೆರೆಗೆರೆ ದದ್ದು ಬರುತ್ತದೆ. ಒಂದು ವಾಕ್ಯದಲ್ಲಿ ಹೇಳಿದರೆ ಮುಗಿಯಿತು, ಡಾಕ್ಟರು ಉಳಿದದ್ದನ್ನು ಜೋಡಿಸಿಕೊಳ್ಳುತ್ತಾರೆ.

5. ಡಾಕ್ಟರು ಬರುವ ತನಕ ಏನೂ ಹಚ್ಚಬೇಡಿ

ಅರಿಶಿನ, ಬೇವಿನ ಸೊಪ್ಪಿನ ರಸ, ತೆಂಗಿನೆಣ್ಣೆ, ಮುರುಗಲ ತುಪ್ಪ, ಪೌಡರ್, ಗುಲಾಬಿ ಬಣ್ಣದ ಕ್ಯಾಲಮೈನ್, ಯಾವುದೂ ಬೇಡ. ಮುರುಗಲ ತುಪ್ಪ ಚಳಿಗೆ ಒಡೆದ ಹಿಮ್ಮಡಿಗೆ ಒಳ್ಳೆಯದೇ, ನಾನೂ ಹಚ್ಚುತ್ತೇನೆ. ಇಲ್ಲಿ ವಿಷಯ ಬೇರೆ. ಅರಿಶಿನದ ಹಳದಿಯಡಿ ಕೆಂಪು ಕಾಣುವುದಿಲ್ಲ, ಎಣ್ಣೆ ಹಚ್ಚಿದರೆ ಸಿಪ್ಪೆ ಕಾಣುವುದಿಲ್ಲ. ಅಂಗಡಿಯಲ್ಲಿ ಕೇಳಿದರೆ ಸಿಗುವ, ಸ್ಟೀರಾಯ್ಡ್ ಸೇರಿಸಿ ಮೂರು-ನಾಲ್ಕು ಔಷಧಿ ಬೆರೆಸಿದ ಟ್ಯೂಬ್ ಎಲ್ಲಕ್ಕಿಂತ ಕೆಟ್ಟದ್ದು. ಗಜಕರ್ಣದ ಮೇಲೆ ಹಚ್ಚಿದರೆ ತುರಿಕೆ ಎರಡು ದಿನ ನಿಲ್ಲುತ್ತದೆ, ಬೂಷ್ಟು ಒಳಗೊಳಗೇ ಹರಡುತ್ತದೆ, ಉಂಗುರದ ಆಕಾರವೇ ಅಳಿಸಿಹೋಗುತ್ತದೆ. ಈಗಾಗಲೇ ಹಚ್ಚಿಯಾಗಿದ್ದರೆ ಮುಚ್ಚಿಡಬೇಡಿ, ಟ್ಯೂಬನ್ನೇ ಕೈಯಲ್ಲಿ ಹಿಡಿದು ತೋರಿಸಿ. ಮಕ್ಕಳ ಡಾಕ್ಟರೇ ಬರೆದ ಮುಲಾಮಿದ್ದರೆ ನಿಲ್ಲಿಸಬೇಕೋ ಎಂದು ಅವರನ್ನೇ ಕೇಳಿ.

ದೃಷ್ಟಿಬೊಟ್ಟು, ಕಾಡಿಗೆ ಒರೆಸಿ. ಬಳೆ, ಕಾಲಂದಿಗೆ ತೆಗೆದಿಡಿ. ಉಗುರು ಕತ್ತರಿಸಿ. ಸ್ನಾನ ಮಾಡಿಸಲು ಅನುಮತಿ ಇದ್ದರೆ ಬರೀ ಉಗುರುಬೆಚ್ಚಗಿನ ನೀರು, ಉಜ್ಜುವುದು ಬೇಡ.

6. ಮೊಬೈಲಿನಲ್ಲಿ ಫೋಟೋ

ಪಿತ್ತದ ಗಂಧೆ ರಾತ್ರಿ ಎದ್ದು ಬೆಳಗಾಗುವಷ್ಟರಲ್ಲಿ ಮಾಯವಾಗುತ್ತದೆ. ಡಾಕ್ಟರು ಬಂದಾಗ ಮೈ ನುಣ್ಣಗಿರುತ್ತದೆ, ನೀವು ಕೈ ಬೀಸಿ ವಿವರಿಸುತ್ತೀರಿ. ಫೋಟೋ ಇದ್ದರೆ ಆ ಕಷ್ಟವಿಲ್ಲ. ಹಗಲಾದರೆ ಕಿಟಕಿಯ ಹತ್ತಿರ, ಫ್ಲ್ಯಾಶ್ ಇಲ್ಲದೆ ತೆಗೆಯಿರಿ. ಒಂದು ದೂರದಿಂದ, ಎಲ್ಲೆಲ್ಲಿ ಹರಡಿದೆ ಎಂದು ಕಾಣುವಂತೆ. ಇನ್ನೊಂದು ಹತ್ತಿರದಿಂದ, ಪಕ್ಕದಲ್ಲಿ ಪೆನ್ನೋ ನಾಣ್ಯವೋ ಇಟ್ಟು. ಒಂದು ಗಂಧೆಯ ಸುತ್ತ ಪೆನ್ನಿನಲ್ಲಿ ಗೆರೆ ಎಳೆದು ಗಂಟೆ ಬರೆದಿಡಿ. 24 ಗಂಟೆ ಕಳೆದರೂ ಅದೇ ಜಾಗದಲ್ಲಿ ಉಳಿದಿದ್ದರೆ ಅದು ಬರೀ ಗಂಧೆಯಲ್ಲದೆ ಬೇರೆ ಏನಾದರೂ ಇರಬಹುದು. ಕೀವಾಗಿ ಕೆಂಪು ಹರಡುವ ಊತಕ್ಕೂ ಅಂಚಿಗೆ ಗೆರೆ ಎಳೆಯುವುದು ಒಳ್ಳೆಯದು. ಗೆರೆ ದಾಟಿತೋ ಹಿಂದೆ ಸರಿಯಿತೋ ಎಂದು ನೋಡಿದರೆ ಔಷಧಿ ಹಿಡಿಯುತ್ತಿದೆಯೋ ಇಲ್ಲವೋ ತಿಳಿಯುತ್ತದೆ.

ಮಗುವಿನ ಗುಪ್ತಾಂಗದ ಫೋಟೋ ಆದಷ್ಟು ತೆಗೆಯಬೇಡಿ. ತೆಗೆಯಲೇಬೇಕಾದರೆ ಡಾಕ್ಟರಿಗೆ ತೋರಿಸಿ ಅಳಿಸಿ. ಕುಟುಂಬದ ವಾಟ್ಸಾಪ್ ಗುಂಪಿಗೆ ಯಾವ ಫೋಟೋವನ್ನೂ ಹಾಕಬೇಡಿ, ಅಲ್ಲಿಂದ ಬರುವುದು ಔಷಧಿಯಲ್ಲ, ಗೊಂದಲ.

7. ಡಾಕ್ಟರು ಬಂದಾಗ

ಬಟ್ಟೆ ಪೂರ್ತಿ ತೆಗೆಯಬೇಕಾಗುತ್ತದೆ. ತಲೆಬುರುಡೆ, ಬಾಯಿ, ಅಂಗೈ, ಉಗುರು, ಡೈಪರ್ ಜಾಗ ಎಲ್ಲವನ್ನೂ ನೋಡದೆ ಚರ್ಮದ ಪರೀಕ್ಷೆ ಮುಗಿಯುವುದಿಲ್ಲ. ಎಂಟು-ಹತ್ತು ವರ್ಷದ ಮಗುವಾದರೆ ನಾಚಿಕೆಯಿರುತ್ತದೆ, ಪರದೆ ಎಳೆಯಲು ಹೇಳಿ. ಮೆಡಿಕಲ್ ಕಾಲೇಜಿನ ಆಸ್ಪತ್ರೆಯಾದರೆ ವಿದ್ಯಾರ್ಥಿಗಳೂ ಜೊತೆಗಿರುತ್ತಾರೆ. ಮಗು ಮುದುಡುತ್ತಿದ್ದರೆ “ಸ್ವಲ್ಪ ಜನ ಸಾಕು” ಎಂದು ಕೇಳುವ ಹಕ್ಕು ನಿಮಗಿದೆ. ಮನೆಮಾತು ಕೊಂಕಣಿಯೋ ನವಾಯತಿಯೋ ಆಗಿ ಕನ್ನಡದಲ್ಲಿ ಹೇಳಲು ತೊಡಕಾದರೆ ಬಾಯಿಗೆ ಬಂದ ಮಾತಿನಲ್ಲೇ ಹೇಳಿ. ವಾರ್ಡಿನಲ್ಲಿ ಆ ಭಾಷೆ ಬಲ್ಲ ಸಿಸ್ಟರೋ ಆಯಾಳೋ ಸಿಕ್ಕೇ ಸಿಗುತ್ತಾರೆ.

ಮೊಂಡು ಬ್ಲೇಡಿನಿಂದ ಸಿಪ್ಪೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ ಹೆಚ್ಚು ಮಾಡುತ್ತಾರೆ. ರಕ್ತ ಬರುವುದಿಲ್ಲ, ನೋವೂ ಇಲ್ಲ. ಬಯಾಪ್ಸಿ ಎಂದಾಕ್ಷಣ ಕ್ಯಾನ್ಸರ್ ಎಂದು ಅಳುವವರಿದ್ದಾರೆ. ಚರ್ಮದ ಬಯಾಪ್ಸಿ ಎಂದರೆ ಜಾಗ ಮರಗಟ್ಟಿಸಿ 3-4 ಮಿಲಿಮೀಟರ್ ತುಣುಕು ತೆಗೆಯುವುದು, ಒಂದೆರಡು ಹೊಲಿಗೆ. ಹೆಚ್ಚಾಗಿ ಮಾಡುವುದು ಯಾವ ಬಗೆಯ ಉರಿಯೂತ ಎಂದು ತಿಳಿಯಲಿಕ್ಕೆ. ನಿಮ್ಮ ಸಹಿ ಇಲ್ಲದೆ ಮಾಡುವುದಿಲ್ಲ. ಸಹಿಗೆ ಮೊದಲು ಏಕೆ ಎಂದು ಕೇಳಿ.

ಹೊರಡುವ ಮುಂಚೆ ನಾಲ್ಕು ವಿಷಯ ಕೇಳಿ ಬರೆದುಕೊಳ್ಳಿ: ಕಾಯಿಲೆಯ ಹೆಸರು, ಅಂಟುತ್ತದೆಯೇ, ಯಾವ ಮುಲಾಮು ಎಲ್ಲಿಗೆ ಎಷ್ಟು ದಿನ, ಯಾವಾಗ ನಿಲ್ಲಿಸಬೇಕು. ಎಷ್ಟು ಹಚ್ಚಬೇಕು ಎನ್ನುವುದಕ್ಕೆ ಒಂದು ಅಳತೆ ಇದೆ. ದೊಡ್ಡವರ ತೋರುಬೆರಳ ತುದಿಯಿಂದ ಮೊದಲ ಗೆರೆಯ ತನಕ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅಷ್ಟು ಮುಲಾಮು ದೊಡ್ಡವರ ಎರಡು ಹಸ್ತ ಮುಚ್ಚುವಷ್ಟು ಜಾಗಕ್ಕೆ ಸಾಕು. ಸ್ಟೀರಾಯ್ಡ್ ಎಂದು ಹೆದರಿ ಸಾಸಿವೆಯಷ್ಟು ಹಚ್ಚಿದರೆ ಗುಣವಾಗುವುದಿಲ್ಲ, ಮುಖಕ್ಕೆ ಬರೆದದ್ದನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ.

8. ಇದ್ದಲ್ಲಿ ಚರ್ಮದ ಡಾಕ್ಟರಿಲ್ಲದಿದ್ದರೆ

ಮಕ್ಕಳ ಡಾಕ್ಟರೇ ನಿಮ್ಮ ಒಪ್ಪಿಗೆ ಪಡೆದು ಫೋಟೋ ಕಳಿಸಿ ತಜ್ಞರ ಜೊತೆ ಮಾತಾಡಬಹುದು. ಸರ್ಕಾರಿ ಆಸ್ಪತ್ರೆಗಳಿಗೆ ಇ-ಸಂಜೀವಿನಿಯ (ದೂರದ ಡಾಕ್ಟರ ಜೊತೆ ಆನ್‌ಲೈನ್‌ನಲ್ಲಿ ಮಾತಾಡುವ ಸರ್ಕಾರಿ ವ್ಯವಸ್ಥೆ) ದಾರಿಯೂ ಇದೆ, ಕೇಳಿ ನೋಡಿ. ಮಗುವನ್ನೇ ಕಳಿಸಬೇಕಾದರೆ ಎಲ್ಲಿಂದ ಎಲ್ಲಿಗೆ ಎನ್ನುವುದು ಊರಿನ ಮೇಲೆ ಹೋಗುತ್ತದೆ. ಜಿಲ್ಲೆಯೊಳಗೆ ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ. ಶಿರಸಿ, ಯಲ್ಲಾಪುರದವರಿಗೆ ಹುಬ್ಬಳ್ಳಿ ಹತ್ತಿರ, ಭಟ್ಕಳ, ಹೊನ್ನಾವರದವರು ಮಣಿಪಾಲಕ್ಕೆ ಹೋಗುತ್ತಾರೆ, ಕಾರವಾರದವರು ಗೋವಾದ ಬಾಂಬೋಳಿಗೂ ಹೋಗುವುದುಂಟು. ಗೋವಾ ಬೇರೆ ರಾಜ್ಯ, ನಮ್ಮ ಆಯುಷ್ಮಾನ್ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಡಿ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ, ತುರ್ತು ಚಿಕಿತ್ಸೆ ಹೊರತುಪಡಿಸಿ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ರೇಷನ್ ಕಾರ್ಡ್, ಆಧಾರ್ ಝೆರಾಕ್ಸ್ ಜೊತೆಗಿರಲಿ.

ಮಳೆಗಾಲದಲ್ಲಿ ಹೊರಡುವ ಮುನ್ನ ರಸ್ತೆ ವಿಚಾರಿಸಿ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಗಿದ್ದು ಎಲ್ಲರಿಗೂ ನೆನಪಿದೆ. ದೇವಿಮನೆ, ಅರಬೈಲು ಘಟ್ಟಗಳ ಹೊಣೆಯನ್ನೂ ಜೂನ್-ಜುಲೈಯಲ್ಲಿ ಯಾರೂ ಹೊರಲಾರರು. ಚರ್ಮ ಸುಲಿಯುತ್ತಿರುವ ಮಗುವನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಡಬೇಡಿ. 108 ಕರೆಸಿ, ಡ್ರಿಪ್ ಹೋಗುತ್ತಿರಲಿ, ರೆಫರಲ್ ಚೀಟಿ, ಔಷಧಿ ಹಾಳೆ, ರಕ್ತದ ರಿಪೋರ್ಟು ಕೈಯಲ್ಲಿರಲಿ.

9. ಡಿಸ್ಚಾರ್ಜ್ ಆದ ಮೇಲೆ

ತುರಿಕಜ್ಜಿ ಎಂದು ಗೊತ್ತಾಗಿದ್ದರೆ ಮಗುವಿಗೆ ಮಾತ್ರ ಮುಲಾಮು ಹಚ್ಚಿ ಪ್ರಯೋಜನವಿಲ್ಲ. ತುರಿಕೆ ಇರಲಿ ಬಿಡಲಿ, ಮನೆಯಲ್ಲಿರುವ ಎಲ್ಲರೂ ಒಂದೇ ರಾತ್ರಿ ಹಚ್ಚಬೇಕು. ಕುತ್ತಿಗೆಯಿಂದ ಅಂಗಾಲ ತನಕ, ಬೆರಳ ಸಂದಿ, ಉಗುರಿನಡಿ ಬಿಡದೆ. ಪುಟ್ಟ ಮಕ್ಕಳಿಗೆ ತಲೆಗೂ ಹಚ್ಚಬೇಕಾಗುತ್ತದೆ. ಎರಡು ತಿಂಗಳೊಳಗಿನ ಕೂಸಿಗೆ, ಬಸುರಿಗೆ ಏನು ಹಚ್ಚಬೇಕೆಂದು ಡಾಕ್ಟರೇ ಹೇಳಬೇಕು. ವಾರ ಬಿಟ್ಟು ಇನ್ನೊಮ್ಮೆ. ಹುಳ ಸತ್ತರೂ ತುರಿಕೆ ಎರಡು-ಮೂರು ವಾರ ಇರುತ್ತದೆ, ಅದಕ್ಕೆ ಹೆದರಿ ಮತ್ತೆ ಮತ್ತೆ ಹಚ್ಚಬೇಡಿ. ಬಟ್ಟೆ, ಹೊದಿಕೆ ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಹಾಕಿ ಎಂದು ಚೀಟಿಯಲ್ಲಿ ಬರೆದಿರುತ್ತದೆ. ನಮ್ಮ ಆಷಾಢದಲ್ಲಿ ಬಿಸಿಲು ಎಲ್ಲಿಂದ ತರುವುದು? ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಬಾಯಿ ಬಿಗಿದು ನಾಲ್ಕೈದು ದಿನ ಮೂಲೆಗಿಡಿ. ಮನುಷ್ಯನ ಮೈ ಸಿಗದೆ ಆ ಹುಳ ಎರಡು-ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ.

ಔಷಧಿಯಿಂದ ಆದ ದದ್ದು ಎಂದು ತೀರ್ಮಾನವಾಗಿದ್ದರೆ ಆ ಔಷಧಿಯ ಕಂಪನಿ ಹೆಸರಲ್ಲ, ಮೂಲ ಹೆಸರನ್ನು ಡಿಸ್ಚಾರ್ಜ್ ಚೀಟಿಯಲ್ಲಿ ದೊಡ್ಡದಾಗಿ ಬರೆಸಿ. ಅದೇ ಜಾತಿಯ ಬೇರೆ ಯಾವ ಔಷಧಿ ಬೇಡ ಎನ್ನುವುದನ್ನೂ ಬರೆಸಿ. ತಾಯಿ ಕಾರ್ಡಿನ ರಟ್ಟಿನ ಮೇಲೆ ಕೆಂಪು ಪೆನ್ನಿನಲ್ಲಿ ನಕಲು ಮಾಡಿ, ಶಾಲೆಗೂ ತಿಳಿಸಿ. “ಯಾವುದೋ ಒಂದು ಮಾತ್ರೆ ಆಗಿಬರುವುದಿಲ್ಲ” ಎಂದು ಹೇಳಿದರೆ ಮುಂದಿನ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. ಕಣ್ಣಿಗೂ ತಾಗಿದ್ದ ಮಗುವಾದರೆ ಚರ್ಮ ಮಾಗಿದ ಮೇಲೂ ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತಿರಬೇಕು.

ಬಯಾಪ್ಸಿಯ ವರದಿ ಹೆಚ್ಚಾಗಿ ಮನೆಗೆ ಹೋದ ಮೇಲೆ ಬರುತ್ತದೆ. ಹೊರಡುವ ದಿನವೇ ಲ್ಯಾಬ್ ನಂಬರು, ಯಾರನ್ನು ಕೇಳಬೇಕು, ಯಾವ ವಾರ ಬರಬೇಕು ಎಂದು ಬರೆಸಿಕೊಳ್ಳಿ. ಹೊಲಿಗೆ ಬಿಚ್ಚಿಸಲು ಮಾತ್ರ ಅಷ್ಟು ದೂರ ಬಸ್ಸು ಹತ್ತಬೇಕಿಲ್ಲ, ಡಾಕ್ಟರು ಹೇಳಿದ ದಿನ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಬಿಚ್ಚುತ್ತಾರೆ.